ಮನೆಮಾತಿನ ಲೆಕ್ಕಗಳು

ಅಂಕಗಣಿತದ ಪುಸ್ತಕದಲ್ಲಿ ಪ್ರತಿಯೊಂದು ಪಾಠದ ಕೊನೆಗೂ ಬಿಡಿಸಲು ಲೆಕ್ಕಗಳನ್ನು ಕೊಟ್ಟಿರುತ್ತಾರೆ. ಭಾಷಾಶಾಸ್ತ್ರವನ್ನು ಕಲಿಯುವವರಿಗೂ ಅಂಥ ಲೆಕ್ಕಗಳುಂಟು ಎಂದರೆ ಹಲವರಿಗೆ ಸೋಜಿಗವಾದೀತು. ಅಮೆರಿಕದ ಗ್ಲೀಸನ್ ಎಂಬ ವಿದ್ವಾಂಸರು 1955ರಲ್ಲಿ ಇಂಥ ಲೆಕ್ಕಗಳದೇ ಒಂದು ಅಭ್ಯಾಸ ಪುಸ್ತಕವನ್ನು ಹೊರತಂದರು. ಓದುಗನು ಎಂದೂ ಕೇಳದ ಯಾವುದೋ ನಾಡಿನ ಹತ್ತಿಪ್ಪತ್ತು ಮಾತುಗಳನ್ನು ಅರ್ಥದೊಡನೆ ಮುಂದಿಟ್ಟು, ಇದರಲ್ಲಿ ಬಹುವಚನದ ಗುರುತು ಯಾವುದು, ಕರ್ಮ ಎಲ್ಲಿ ಬರುತ್ತದೆ, ಈ ಎರಡು ಧ್ವನಿಗಳು ಒಂದೆಯೋ ಬೇರೆಯೋ ಎಂದು ಕೇಳುವ ಕ್ರಮ ಅದು. ಸುಮಾರು ಅದೇ ಕಾಲಕ್ಕೆ ಪುಣೆಯ ಡೆಕ್ಕನ್ ಕಾಲೇಜಿನವರು ನಡೆಸಿದ ಶಿಬಿರಗಳಿಂದ ನಮ್ಮ ದೇಶದ ತರುಣ ಅಧ್ಯಾಪಕರಿಗೂ ಈ ವಿಧಾನದ ಪರಿಚಯವಾಯಿತು.

ಆದರೆ ಲೆಕ್ಕ ಬಿಡಿಸಲು ದೂರದ ನಾಡಿನ ಭಾಷೆಯೇ ಬೇಕೆಂದಿಲ್ಲ. ನಮ್ಮ ಅಡಿಗೆಮನೆಯಲ್ಲಿಯೇ ಬೇಕಾದಷ್ಟು ಸಾಮಗ್ರಿ ಇದೆ. ನನಗೆ ಇದು ತಿಳಿದದ್ದು ಬಹಳ ತಡವಾಗಿ, ಅದೂ ಒಂದು ನಾಚಿಕೆಯ ಸಂಗತಿಯಿಂದ.

ನಾನು ಹುಟ್ಟಿ ಬೆಳೆದದ್ದು ಭೀಮಾ ದಂಡೆಯ ದೇವಣಗಾಂವದ ಸೀಮೆಯಲ್ಲಿ. ಸಿಂದಗಿಯ ಕಡೆಯಿಂದ ಹೋದರೆ ಊರು. ಹೊಳೆ ದಾಟಿದರೆ ಅಫಜಲಪುರದ ನೆಲ, ಕಲಬುರ್ಗಿ ಜಿಲ್ಲೆ. ಶಾಲೆಗೆ ಸೇರಿದ ಮೂರನೆಯ ವರ್ಷವೋ ಏನೋ, ಮನೆಯ ಬಗ್ಗೆ ಒಂದು ವಾಕ್ಯ ಬರೆಯಲು ಹೇಳಿದರು. 'ನಮ್ಮಪ್ಪ ಹೊಲದಾಗ ಜ್ವಾಳ ಬಿತ್ತ್ಯಾನ' ಎಂದು ಬರೆದೆ. ಪಾಟಿಯ ಮೇಲೆ ಮೂರು ಗೀಟು ಬಿದ್ದವು: 'ಹೊಲದಾಗ' ತಪ್ಪು, 'ಜ್ವಾಳ' ತಪ್ಪು, 'ಬಿತ್ತ್ಯಾನ' ತಪ್ಪು. ನಾಲ್ಕು ಹುಡುಗರು ನಕ್ಕರು. ಆ ವಾರವೇ ಅವ್ವ ಏನೋ ಕೆಲಸಕ್ಕೆ ಶಾಲೆಗೆ ಬಂದಾಗ, ಬಾಗಿಲಲ್ಲೇ ಅವಳನ್ನು ತಡೆದು, 'ಅವ್ವಾ, ನೀ ಇಲ್ಲಿ ಮಾತಾಡಬ್ಯಾಡ' ಎಂದೆ. ಅವಳು ಮಾತಾಡಲಿಲ್ಲ. ಕೆಲಸ ಮುಗಿಯುವವರೆಗೂ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

ಆ ಮೂರು ಗೀಟುಗಳನ್ನೇ ಇಂದು ಮೂರು ಲೆಕ್ಕಗಳಾಗಿ ತಮ್ಮ ಮುಂದೆ ಇಡುತ್ತೇನೆ. ಬಿಡಿಸುವ ಕ್ರಮ ಸರಳವಾದದ್ದು. ಅಕ್ಷರವನ್ನು ನೋಡಬಾರದು, ಧ್ವನಿಯನ್ನು ಕೇಳಬೇಕು. ಒಂದು ಮಾತನ್ನಲ್ಲ, ಅದರ ಜಾತಿಯ ಹತ್ತು ಮಾತುಗಳನ್ನು ಕೂಡಿಸಬೇಕು. ಒಂದು ಸೂತ್ರ ಹೊಳೆದ ಕೂಡಲೆ ಸಂತೋಷಪಡದೆ, ಅದನ್ನು ಮುರಿಯುವ ಮಾತು ಎಲ್ಲಿದೆ ಎಂದು ಹುಡುಕಬೇಕು. ಈ ಕೊನೆಯದೇ ನಿಜವಾದ ಅಭ್ಯಾಸ. ಉಳಿದದ್ದು ಕೂಡಿಹಾಕುವ ಕೆಲಸ.

ಮೊದಲು ಧ್ವನಿ. ನಾಲಗೆಯ ತುದಿಯನ್ನು ಸ್ವಲ್ಪ ಹಿಂದಕ್ಕೆ ಮಡಿಸಿದರೆ 'ಹುಲಿ' ಹೋಗಿ 'ಹುಳಿ' ಬರುತ್ತದೆ. ಅಷ್ಟರಿಂದಲೇ ಅರ್ಥ ಬೇರೆಯಾಗುವುದರಿಂದ ಕನ್ನಡದಲ್ಲಿ ಲ ಮತ್ತು ಳ ಎರಡು ಬೇರೆ ಧ್ವನಿಗಳು. ಇಂಥ ಜೋಡಿ ಸಿಕ್ಕರೆ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಜೋಳ ಮತ್ತು ಜ್ವಾಳ? ಇಲ್ಲಿ ಅರ್ಥ ಒಂದೇ, ಧ್ವನಿ ಬೇರೆ. ಹಾಗಾದರೆ ನಮ್ಮ ಕಡೆಯವರ ಬಾಯಿಗೆ 'ಓ' ಎಂಬ ಸ್ವರವೇ ಬಾರದೆ? ಗುರುಗಳು ಹಾಗೆಂದೇ ತಿಳಿದಿದ್ದಿರಬೇಕು. ಮಾತುಗಳನ್ನು ಕೂಡಿಸಿ ನೋಡೋಣ.

ತೋಟವನ್ನು ನಮ್ಮ ಮನೆಯಲ್ಲಿ ತ್ವಾಟ ಎನ್ನುತ್ತಾರೆ. ಕೋಣ ಕ್ವಾಣವಾಗುತ್ತದೆ, ತೋಳ ತ್ವಾಳವಾಗುತ್ತದೆ, ಹೋದ ಎಂಬುದು ಹ್ವಾದ. ಆದರೆ ಕೋಳಿ ಕೋಳಿಯೇ, ಕೋಲು ಕೋಲೇ, ನೋಡು ನೋಡುವೇ. ಓಣಿಯನ್ನು ಯಾರೂ ವಾಣಿ ಎನ್ನುವುದಿಲ್ಲ. ಕಾಡಿನ ತ್ವಾಳ ಬಾಯಿ ತೆರೆದುಕೊಂಡಿರುತ್ತದೆ. ಮೈಗೆ ಅಂಟಿದ ತೋಳು ಹಾಗೆಯೇ ಉಳಿಯುತ್ತದೆ. 'ಏ' ಸ್ವರದಲ್ಲಿಯೂ ಇದೇ ಆಟ: ಬೇಡ ಎಂಬುದು ಬ್ಯಾಡ, ಆದರೆ ಬೇಕು ಎಂಬುದು ಬೇಕು. ಮೇಳ ಮ್ಯಾಳ, ಬೇಳೆ ಬ್ಯಾಳಿ, ಪೇಟೆ ಪ್ಯಾಟಿ. ಆದರೆ ಹೇಳು, ಕೇಳು, ತೇರು, ಬೇರು, ಬೇವು ಅಲುಗಾಡುವುದಿಲ್ಲ. ದೇವರು ದ್ಯಾವರು ಆಗುತ್ತಾರೆ, ದೇವಿ ದೇವಿಯಾಗಿಯೇ ಇರುತ್ತಾಳೆ.

ಇಲ್ಲಿ ಒಂದು ಮಾತು. ಬರೆಯುವಾಗ 'ಯಾ', 'ವಾ' ಎಂದು ಬರೆಯುತ್ತೇವೆಯೇ ಹೊರತು ಬಾಯಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಸ್ವರ. ಬ್ಯಾಂಕು ಎನ್ನುವಾಗ ಬರುವಂಥ, ಬಾಯಿ ಹೆಚ್ಚು ತೆರೆದ ಏ. ಅದರಂತೆಯೇ ಬಾಯಿ ಹೆಚ್ಚು ತೆರೆದ ಓ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ, ಅಷ್ಟೆ. ಅಕ್ಷರವಿಲ್ಲದ ಧ್ವನಿಯನ್ನು ಧ್ವನಿಯೇ ಅಲ್ಲ ಎನ್ನುವುದು ಲಿಪಿಯ ತಪ್ಪನ್ನು ಬಾಯಿಯ ಮೇಲೆ ಹಾಕಿದಂತೆ.

ಸೂತ್ರವೇನು? ಈಗ ಗದ್ದದ ಕೆಳಗೆ ಕೈ ಇಟ್ಟುಕೊಂಡು ಇ, ಉ, ಅ ಎಂದು ಹೇಳಿ ನೋಡಿರಿ. ಇ ಮತ್ತು ಉ ಹೇಳುವಾಗ ದವಡೆ ಮುಚ್ಚಿದಂತೆ ಇರುತ್ತದೆ. ಅ ಎನ್ನುವಾಗ ಕೈಯನ್ನು ಕೆಳಗೆ ತಳ್ಳುತ್ತದೆ. ಏ, ಓ ಎರಡೂ ನಡುವಿನವು. ಈ ನಡುವಿನವು ಮುಂದೆ ಬರುವ ಸ್ವರದ ಕಡೆಗೆ ಕಣ್ಣಿಟ್ಟಿರುತ್ತವೆ. ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ತಮ್ಮ ಜಾಗದಲ್ಲಿಯೇ ಇರುತ್ತವೆ. ಇಲ್ಲದಿದ್ದರೆ ಬಾಯಿ ಮೊದಲೇ ತೆರೆದುಕೊಳ್ಳುತ್ತದೆ. ಬ್ಯಾಡ ಮತ್ತು ಬೇಕು, ದ್ಯಾವರು ಮತ್ತು ದೇವಿ, ತ್ವಾಳ ಮತ್ತು ತೋಳು, ಎಲ್ಲವೂ ಈ ಒಂದೇ ಸೂತ್ರಕ್ಕೆ ಸಿಕ್ಕವು. 'ಓ' ಬಾರದ ಬಾಯಿ ಅಲ್ಲ ಅದು. ಎಲ್ಲಿ ಓ, ಎಲ್ಲಿ ವಾ ಎಂಬುದನ್ನು ಕ್ಷಣ ಕ್ಷಣಕ್ಕೂ ಲೆಕ್ಕ ಹಾಕಿ ಹೇಳುವ ಬಾಯಿ.

ಇನ್ನು ಮುರಿಯುವ ಕೆಲಸ. ಜಾಣ ಓದುಗರು ಆಗಲೇ ತಡೆದಿರಬಹುದು: 'ಬ್ಯಾಳಿ' ಎನ್ನುವಲ್ಲಿ ಮುಂದೆ ಇ ಇದೆಯಲ್ಲ, ಹಾಗಿದ್ದರೆ ಬೇಳಿ ಎಂದಿರಬೇಕಾಗಿತ್ತಲ್ಲವೆ? ಹೊಲದ ಸುತ್ತಲಿನ ಬೇಲಿಯನ್ನು ಯಾರೂ ಬ್ಯಾಲಿ ಎನ್ನುವುದಿಲ್ಲ. ಊರ ಕೇರಿಯನ್ನು ಕ್ಯಾರಿ ಎನ್ನುವುದಿಲ್ಲ. ಆದರೂ ಪ್ಯಾಟಿ ಎನ್ನುತ್ತಾರೆ. ಬೇಲಿ ಮತ್ತು ಬ್ಯಾಳಿ ಎರಡಕ್ಕೂ ಕೊನೆಯಲ್ಲಿ ಇ ಇರುವಾಗ ಮೊದಲಿನ ಸ್ವರ ಏಕೆ ಬೇರೆ?

ಉತ್ತರ ಕಾಲದಲ್ಲಿದೆ. ಬೇಲಿ ಮೊದಲಿನಿಂದಲೂ ಬೇಲಿ. ಬ್ಯಾಳಿ ಹಿಂದೆ ಬೇಳೆಯಾಗಿತ್ತು. ಬೇಳೆ ಎಂಬಲ್ಲಿ ಕೊನೆಯ ಎ ಇನ್ನೂ ಇದ್ದಾಗಲೇ ಮೊದಲಿನ ಸ್ವರ ತೆರೆಯಿತು; ಆಮೇಲೆ ಕೊನೆಯ ಎ ಇ ಆಯಿತು. ಎರಡು ಬದಲಾವಣೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಒಂದು ಹಿಡಿ ಬೇಳೆಯಿಂದ ಹೇಳಬಹುದು. ಹಳೆಯ ಶಾಸನ ಓದಬೇಕಾಗಿಲ್ಲ. ಹೋಗ್ತಾನ ಎಂಬಲ್ಲಿಯೂ ಹೀಗೆಯೇ. ಈಗ ಕಿವಿಗೆ ಕೇಳುವ ಮುಂದಿನ ಸ್ವರ ಆ, ಆದರೂ ಹ್ವಾಗ್ತಾನ ಎನ್ನುವುದಿಲ್ಲ. ಏಕೆಂದರೆ ಹೋಗುತ್ತಾನೆ ಎಂಬಲ್ಲಿ ಒಂದು ಉ ಇತ್ತು. ಆ ಉ ಬಾಯಿಂದ ಜಾರಿಹೋಗಿದೆ, ಆದರೆ ತನ್ನ ಕೆಲಸವನ್ನು ಮಾಡಿಯೇ ಹೋಗಿದೆ.

ಇನ್ನೂ ಒಂದು ಮುರಿಯುವ ಮಾತು ನನಗೆ ಬಹಳ ದಿನ ತೊಂದರೆ ಕೊಟ್ಟಿತು. ಪುಸ್ತಕದಲ್ಲಿ 'ಬೇಸಿಗೆ'. ಸೂತ್ರದಂತೆ ಸಿ ಎಂಬಲ್ಲಿ ಇ ಇರುವುದರಿಂದ ಬೇ ಹಾಗೆಯೇ ಉಳಿಯಬೇಕು. ಆದರೆ ಅವ್ವ ಹೇಳುತ್ತಿದ್ದುದು 'ಬ್ಯಾಸಗಿ'. ಸೂತ್ರ ಸುಳ್ಳಾಯಿತೆ? ಇಲ್ಲ. ಹಳೆಯ ಗ್ರಂಥಗಳಲ್ಲಿ ಕಾಣುವ ರೂಪ 'ಬೇಸಗೆ'. ಅದರಲ್ಲಿ ಸ, ಅಂದರೆ ಮುಂದೆ ಅ. ಬೇಸಗೆಯಿಂದ ಬ್ಯಾಸಗಿ ಸೂತ್ರದ ಪ್ರಕಾರವೇ ಬಂದಿದೆ. ಇಲ್ಲಿ ಹಳೆಯದನ್ನು ಬಿಟ್ಟದ್ದು ಪುಸ್ತಕ, ಉಳಿಸಿಕೊಂಡದ್ದು ಮನೆ.

ಊರ ಹೆಸರುಗಳ ಮೇಲೂ ಸೂತ್ರವನ್ನು ಹಚ್ಚಿ ನೋಡಬಹುದು. 1565ರ ಯುದ್ಧದ ಊರನ್ನು ಚರಿತ್ರೆಯ ಪುಸ್ತಕಗಳು ತಾಳಿಕೋಟೆ ಎನ್ನುತ್ತವೆ. ಮುದ್ದೇಬಿಹಾಳದ ಕಡೆ ಹೋದರೆ ಫಲಕದ ಮೇಲೆ ತಾಳಿಕೋಟಿ ಎಂದಿದೆ. ಜನರ ಬಾಯಲ್ಲಿ ತಾಳಿಕ್ವಾಟಿ. ಫಲಕ ಬರೆದವರು ಅರ್ಧ ದಾರಿಗೆ ಬಂದು ನಿಂತಿದ್ದಾರೆ! ಇನ್ನು ದೇವಣಗಾಂವ. 'ಗಾಂವ' ಎಂಬುದು ಮರಾಠಿಯಲ್ಲಿ ಊರಿಗೆ ಇರುವ ಹೆಸರು, ಗಡಿಯ ಕಡೆ ಇಂಥ ಹೆಸರುಗಳು ಹೇರಳ. ಮುಂದಿನ 'ದೇವಣ' ಸೂತ್ರದಂತೆ ಏನಾಗಬೇಕು ಎಂಬುದನ್ನು ಓದುಗರೇ ಹೇಳಲಿ. ದಂಡೆಯ ಹಿರಿಯರೊಬ್ಬರ ಬಾಯಿಂದ ಊರ ಹೆಸರು ಹೇಳಿಸಿ ತಾಳೆ ನೋಡಿಕೊಳ್ಳಲಿ.

ಕೊನೆಯ ಎ ಇ ಆಗುತ್ತದೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಮನೆ ಮನಿ, ತಲೆ ತಲಿ, ಹೊಳೆ ಹೊಳಿ, ನಾಳೆ ನಾಳಿ ಸರಿ. ಆದರೆ ಒಳಗೆ ಒಳಗ, ಮುಂದೆ ಮುಂದ, ಹಿಂದೆ ಹಿಂದ, ಮೇಲೆ ಮ್ಯಾಲ. ಹೆಸರುಗಳಲ್ಲಿ ಇ, ಸ್ಥಳ ಮತ್ತು ರೀತಿಯನ್ನು ಹೇಳುವ ಮಾತುಗಳಲ್ಲಿ ಅ. ಕ್ರಿಯೆಗೆ ಅಂಟುವ ಪ್ರತ್ಯಯಗಳದು ಮೂರನೆಯ ದಾರಿ: ಮಾಡ್ತಾನ, ಮಾಡ್ತಾಳ, ಮಾಡ್ತಾರ ಎನ್ನುವವರು ಮಾಡ್ತೀನಿ, ಮಾಡ್ತೀವಿ ಎನ್ನುತ್ತಾರೆ. ಹಿಂದೆ ಆ ಇದ್ದರೆ ಅ, ಈ ಇದ್ದರೆ ಇ. ಕೊನೆಯ ಸ್ವರ ಹಿಂದಿನ ಸ್ವರದ ನೆರಳಾಗಿದೆ. ಚತುರ್ಥಿಯನ್ನೂ ನೋಡಿ: ನನಗ, ಹೊಲಕ್ಕ, ಆದರೆ ಊರಿಗಿ, ಮನಿಗಿ. ಇಷ್ಟನ್ನು ನಾಲ್ಕು ವರ್ಷದ ಮಗು ತಪ್ಪಿಲ್ಲದೆ ಮಾಡುತ್ತದೆ, ಯಾರೂ ಕಲಿಸಿರುವುದಿಲ್ಲ.

ಎರಡನೆಯ ಗೀಟು 'ಹೊಲದಾಗ' ಎಂಬುದಕ್ಕೆ ಬಿದ್ದಿತ್ತು. ಇದರಲ್ಲಿ ಬಹಳ ಹೇಳುವಂಥದಿಲ್ಲ. ಹೊಲದಾಗ, ಊರಾಗ, ಮನ್ಯಾಗ, ಹೊಳ್ಯಾಗ, ಕೈಯಾಗ ಎಂದು ಸಾಲಾಗಿ ಇಟ್ಟರೆ 'ಆಗ' ಎಂಬ ತುಣುಕು ತಾನಾಗಿ ಬೇರೆಯಾಗಿ ಕಾಣುತ್ತದೆ. ಅ ಕೊನೆಯ ಹೆಸರಾದರೆ ನಡುವೆ ದ, ಇ ಕೊನೆಯದಾದರೆ ನಡುವೆ ಯ. ಹೊಲದಲ್ಲಿ, ಮನೆಯಲ್ಲಿ ಎಂಬ ಪುಸ್ತಕದ ರೂಪಗಳಲ್ಲಿಯೂ ಇದೇ ದ, ಇದೇ ಯ. ಬೇರೆಯಾದದ್ದು ಕೊನೆಯ ತುಣುಕು ಮಾತ್ರ. ಅದು 'ಅಲ್ಲಿ' ಆಗಿಯೇ ಇರಬೇಕೆಂಬ ನಿಯಮವೂ ಹಳೆಯದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸಪ್ತಮಿಗೆ ಹೇಳಿರುವುದು 'ಒಳ್'.

'ಬಿತ್ತ್ಯಾನ' ಹೆಚ್ಚು ಸ್ವಾರಸ್ಯವಾದದ್ದು. ಬಂದ ಎಂದರೆ ಬಂದದ್ದು ಮುಗಿಯಿತು. ಬಂದಾನ ಎಂದರೆ ಬಂದವನು ಇನ್ನೂ ಇಲ್ಲಿಯೇ ಇದ್ದಾನೆ, ಪುಸ್ತಕದ ಬಂದಿದ್ದಾನೆ. ಬಂದಾಳ, ಬಂದಾರ, ಬಂದೀನಿ, ಬಂದೀವಿ ಎಂದು ಸಾಲು ಮುಂದುವರಿಯುತ್ತದೆ. ಈಗ ಮೈಸೂರಿನ ಕಡೆಯ ಓದುಗರು 'ಅಪ್ಪ ಬಂದಾನ' ಎಂಬುದನ್ನು ನೋಡಿದರೆ ಏನು ತಿಳಿಯುತ್ತಾರೆ? ಗ್ರಂಥಸ್ಥ ಕನ್ನಡದಲ್ಲಿ ಬಂದಾನು ಎಂದರೆ ಬರಬಹುದು ಎಂದರ್ಥ. ಈ ಲೇಖನದ ಮೊದಲಲ್ಲಿ ನಾನೂ 'ಸೋಜಿಗವಾದೀತು' ಎಂದು ಬರೆದಿದ್ದೇನೆ. ಅದು ಅದೇ ಮನೆತನದ ರೂಪ. ಕೊನೆಯ ಒಂದು ಉ ಇದ್ದರೆ ಸಂದೇಹ, ಅ ಇದ್ದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕುಳಿತಿದ್ದಾನೆ! ನಾನು ಪರವೂರಿನಲ್ಲಿ ಓದುತ್ತಿದ್ದಾಗ 'ಅಪ್ಪ ಊರಿಗಿ ಬಂದಾನ' ಎಂದು ಮನೆಯಿಂದ ಪತ್ರ ಬಂದಿತ್ತು. ಜೊತೆಯ ಗೆಳೆಯ ಓದಿ, 'ಬಂದರೂ ಬಂದಾನು, ಬಿಟ್ಟರೂ ಬಿಟ್ಟಾನು, ಹೋಗುವುದೇಕೆ' ಎಂದ. ನನಗೆ ನಗು ಬಂತು. ಅವನಿಗೆ ಏಕೆಂದು ತಿಳಿಯಲಿಲ್ಲ.

ಇದೇ ಜಾತಿಯ ಇನ್ನೊಂದು: ಮಾಡ್ಲಾಕತ್ತಾನ. ಕೇಳಿದವರಿಗೆ ಒಂದೇ ಉಸಿರಿನ ಒಂದೇ ಮಾತು. ಬಿಡಿಸಿದರೆ ಮಾಡಲಿಕ್ಕೆ ಹತ್ತಿದ್ದಾನೆ. ಮಾಡು, ಲಿಕ್ಕೆ, ಹತ್ತು, ಆನ ಎಂದು ನಾಲ್ಕು ತುಣುಕು. ಹ ಕರಗಿಹೋಗಿದೆ, ಸ್ವರಗಳು ಒತ್ತೊತ್ತಾಗಿ ಕುಳಿತಿವೆ, ಆದರೆ ಒಂದು ತುಣುಕೂ ಕಳೆದುಹೋಗಿಲ್ಲ. ಧಾರವಾಡದ ಕಡೆಗೆ ಹೋದರೆ ಮಾಡಾಕತ್ತಾನ ಎಂಬುದು ಕಿವಿಗೆ ಬೀಳುತ್ತದೆ.

ನನ್ನ ವಾಕ್ಯದಲ್ಲಿ ಗುರುಗಳು ಗೀಟು ಹಾಕದೆ ಬಿಟ್ಟ ಒಂದು ಸಂಗತಿ ಇತ್ತು: ಮಾತುಗಳ ಅನುಕ್ರಮ. ಅಪ್ಪ ಮೊದಲು, ಹೊಲ ಆಮೇಲೆ, ಜೋಳ ಅದರ ಮುಂದೆ, ಬಿತ್ತುವುದು ಕೊನೆಗೆ. ವಾಕ್ಯರಚನೆಯ ಮೂಲ ಕಟ್ಟಿನಲ್ಲಿ ಮನೆಗೂ ಪುಸ್ತಕಕ್ಕೂ ಜಗಳವೇ ಇಲ್ಲ. ಆದುದರಿಂದ ಇಲ್ಲಿನ ಲೆಕ್ಕಗಳು ಎಲ್ಲ ಕಡೆಯ ಕನ್ನಡಿಗರಿಗೂ ಒಂದೇ.

'ದೊಡ್ಡ ಗೌಡರ ಮನಿ' ಎಂದರೆ ದೊಡ್ಡದು ಯಾವುದು? ಗೌಡರು ಇಬ್ಬರಿದ್ದು ಅವರಲ್ಲಿ ದೊಡ್ಡವರ ಮನೆ ಎಂದೂ ಆಗಬಹುದು, ಗೌಡರೊಬ್ಬರೇ ಇದ್ದು ಮನೆಯೇ ದೊಡ್ಡದೆಂದೂ ಆಗಬಹುದು. ಮಾತುಗಳು ಮೂರೇ, ಅನುಕ್ರಮವೂ ಒಂದೇ. ಯಾವುದಕ್ಕೆ ಯಾವುದನ್ನು ಮೊದಲು ಕಟ್ಟಿದ್ದೇವೆ ಎಂಬುದರ ಮೇಲೆ ಅರ್ಥ ನಿಂತಿದೆ. 'ಅವ್ವ ಅಳಕೋತ ಬಂದ ಹುಡುಗಿಗಿ ರೊಟ್ಟಿ ಕೊಟ್ಟಳು' ಎಂಬಲ್ಲಿ ಅಳುತ್ತಿದ್ದವರು ಯಾರು? ಅವ್ವ ಎಂದು ನಿಲ್ಲಿಸಿ, 'ಅಳಕೋತ ಬಂದ ಹುಡುಗಿಗಿ' ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಹುಡುಗಿ. 'ಅವ್ವ ಅಳಕೋತ' ಎಂದು ಹೇಳಿ ನಿಲ್ಲಿಸಿದರೆ ಅವ್ವ. ಕಾಗದದ ಮೇಲೆ ಇದನ್ನು ತೋರಿಸುವುದು ಕಷ್ಟ. ಬಾನುಲಿಯಲ್ಲಿ ಸುದ್ದಿ ಓದುವವರಿಗೆ ಇದು ದಿನನಿತ್ಯದ ಪರೀಕ್ಷೆ. ಮುಂದಿನ ಸಲ ವಾರ್ತೆ ಕೇಳುವಾಗ ಅವರು ಎಲ್ಲೆಲ್ಲಿ ಉಸಿರು ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿ ನೋಡಬಹುದು.

ಇನ್ನೊಂದು ವಾಕ್ಯ: 'ಅವ ತಾನೂ ಬರ್ತೀನಿ ಅಂದ.' ತಾನು ಎಂಬುದು ಬೇರೊಬ್ಬನನ್ನು ಕುರಿತ ಮಾತು, ಅದಕ್ಕೆ ಬರ್ತಾನ ಎಂದು ಇರಬೇಕಷ್ಟೆ. ಆದರೆ ಕ್ರಿಯೆಯಲ್ಲಿ ನಾನು ಎಂಬುದರ ಗುರುತು, ಈನಿ, ಇದೆ! ಅವನ ಮಾತನ್ನು ಹೇಳುವವನು ಕರ್ತೃವನ್ನು ತನ್ನ ಕಡೆಯಿಂದ ನೋಡಿ ಬದಲಿಸಿದ್ದಾನೆ, ಕ್ರಿಯೆಯನ್ನು ಅವನ ಬಾಯಲ್ಲಿ ಇದ್ದಂತೆಯೇ ಬಿಟ್ಟಿದ್ದಾನೆ. ಒಂದೇ ವಾಕ್ಯದಲ್ಲಿ ಎರಡು ಬಾಯಿ. ಮಡಿವಂತ ವೈಯಾಕರಣರೂ 'ತಾನೂ ಬರುತ್ತೇನೆ ಎಂದನು' ಎಂದು ಬರೆಯುತ್ತಾರೆ, ಗೀಟು ಹಾಕುವುದಿಲ್ಲ.

ಇಷ್ಟು ಹೇಳಿದ ಮೇಲೆ, ಶಾಲೆಯಲ್ಲಿ ಪುಸ್ತಕದ ಕನ್ನಡ ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು. ಚಾಮರಾಜನಗರದವರೂ ಬೀದರದವರೂ ಕಾಸರಗೋಡಿನವರೂ ಒಂದೇ ಪತ್ರಿಕೆಯನ್ನು ಓದಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ಬರವಣಿಗೆ ಬೇಕೇ ಬೇಕು. ನನ್ನ ತಕರಾರು ಗೀಟಿನ ಬಗ್ಗೆ ಅಲ್ಲ, 'ತಪ್ಪು' ಎಂಬ ಮಾತಿನ ಬಗ್ಗೆ. 'ಮನೆಯಲ್ಲಿ ಹೀಗೆ, ಬರೆಯುವಾಗ ಹೀಗೆ' ಎಂದು ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದ್ದರೆ ಅದು ಒಂದು ಪಾಠವಾಗುತ್ತಿತ್ತು. ಹುಡುಗರು ನಗುವುದಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ. ಒಂದರ ಸೂತ್ರ ತಿಳಿದವನಿಗೆ ಇನ್ನೊಂದನ್ನು ಕಲಿಯುವುದು ಸುಲಭ. ತನ್ನ ಬಾಯಿಗೆ ಸೂತ್ರವೇ ಇಲ್ಲ ಎಂದು ನಂಬಿದವನು ಎರಡರಲ್ಲಿಯೂ ತೊದಲುತ್ತಾನೆ.

ಹಿರಿಯರು ಇದನ್ನು ಅರಿಯದವರಲ್ಲ. ಕನ್ನಡದ ಒಳನುಡಿಗಳು ಎಣಿಕೆಗೆ ಮೀರಿದವು ಎಂಬ ಎಚ್ಚರ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. ಇದೇ ಭೀಮೆಯ ಸೀಮೆಯಲ್ಲಿ, ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಹೊಳೆಯ ಆಚೆಯ ಮಾತಿನ ಬಗ್ಗೆ ಡೆಕ್ಕನ್ ಕಾಲೇಜಿನಿಂದ 1968ರಲ್ಲಿ ಮಹಾದೇವನ್ ಅವರ 'ಗುಲ್ಬರ್ಗಾ ಕನ್ನಡ' ಬಂತು. 2000ರಲ್ಲಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಪುಸ್ತಕ ಬರೆದು ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಅವರ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ. ಆದರೆ ಬೇರೊಂದು ಭಾಷೆಯ ಅಚ್ಚಿನಲ್ಲಿ ಕನ್ನಡವನ್ನು ಅಳೆಯಬಾರದೆಂಬ ಮಾತನ್ನು ಅಲ್ಲಗಳೆಯುವುದು ಕಷ್ಟ. ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಮನೆಯ ಕನ್ನಡವನ್ನು ಪುಸ್ತಕದ ಅಚ್ಚಿನಲ್ಲಿ ಅಳೆಯಬಾರದೆಂದು ನಾನು ಸೇರಿಸುತ್ತೇನೆ.

ಅವ್ವನಿಗೆ ವಯಸ್ಸಾದ ಮೇಲೆ ಒಂದು ಮಧ್ಯಾಹ್ನ ಅವಳ ಮುಂದೆ ನೋಟುಪುಸ್ತಕ ಹಿಡಿದು ಕುಳಿತೆ. ಬೇಲಿ, ಬೇಳೆ, ಕೋಳಿ, ಕೋಟೆ, ತೋಳು, ತೋಳ ಎಂದು ಒಂದೊಂದಾಗಿ ಹೇಳಿಸಿದೆ. ಒಂದರಲ್ಲಿಯೂ ಸೂತ್ರ ತಪ್ಪಲಿಲ್ಲ. ಬಾಗಿಲಲ್ಲಿ ಅವಳನ್ನು ತಡೆದಾಗ ನಾನು ಆಡಿದ 'ಮಾತಾಡಬ್ಯಾಡ' ಎಂಬ ಮಾತಿನಲ್ಲಿಯೂ ಆ ಬ್ಯಾ ಅವಳ ಸೂತ್ರದಂತೆಯೇ ಬಂದಿತ್ತು ಎಂಬುದು ಆಗ ಹೊಳೆಯಿತು. ಅವ್ವ ಮಾತ್ರ, 'ಇಷ್ಟ ಓದಿದಂವಾ, ಬ್ಯಾಳಿಗಿ ಏನಂತಾರ ಅನ್ನೂದ ನನ್ನ ಕೇಳಾಕತ್ತಿಯೇನೋ' ಎಂದು ನಕ್ಕಳು.

ಓದುಗರಿಗೆ ಬಿಡಿಸಲು ಕೆಲವು ಮಾತುಗಳು: ಬೇಟೆ, ಹೋಳಿಗೆ, ದೋಸೆ, ಗೋಣಿ, ಬೇನೆ, ಕೋಣೆ. ಇವುಗಳಲ್ಲಿ ಯಾವುವು ಬಾಯಿ ತೆರೆಯುತ್ತವೆ, ಯಾವುವು ಇಲ್ಲ? ಗೋಣಿಗೂ ಕೋಣೆಗೂ ಬೇರೆ ಬೇರೆ ಉತ್ತರ ಬಂದರೆ ಗಾಬರಿಯಾಗಬೇಕಾಗಿಲ್ಲ. ಬೇಲಿ ಮತ್ತು ಬೇಳೆಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಬಾಯಿಂದಲೇ ಹೇಳಿಸಿ ಕೇಳುವುದು ಒಳ್ಳೆಯದು.